ಹೊಸ ಪಿಕಪ್‌ಗೆ ಎಸಿ, ಕ್ಯಾಮೆರಾ, ಆ್ಯಪ್: ಯಾವುದಕ್ಕೆ ದುಡ್ಡು ಹಾಕಬೇಕು?

ಮುಳಬಾಗಿಲು ಪಿಕಪ್:
ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಬೊಲೆರೊ ಪಿಕಪ್. ವಡ್ಡಹಳ್ಳಿ ಮತ್ತು ಕೋಲಾರ ಮಂಡಿಯಿಂದ ಟೊಮೆಟೊ ಬಾಡಿಗೆ ಹೊಡೆಯುತ್ತೇನೆ. ಓಡಿಸುವುದೂ ನಾನೇ. ಮಾವಿನ ಸೀಸನ್ ಶುರುವಾಗುವ ಮುಂಚೆ ಹೊಸ ಗಾಡಿ ತಗೋಬೇಕು ಅಂತಿದ್ದೇನೆ. ಶೋರೂಮ್‌ಗೆ ಹೋದರೆ ಎಸಿ, ಗಾಡಿ ಎಲ್ಲಿದೆ ಅಂತ ತೋರಿಸುವ ಮೊಬೈಲ್ ಆ್ಯಪ್ ಇರುವ ಮಾಡೆಲನ್ನೇ ತೋರಿಸುತ್ತಾರೆ. ರಿವರ್ಸ್ ಕ್ಯಾಮೆರಾ, ಸ್ಕ್ರೀನ್ ಬೇಕಾದರೆ ನಾವೇ ಹಾಕಿಸಿಕೊಡುತ್ತೇವೆ ಅಂತಾರೆ. ಸಾದಾ ಮಾಡೆಲ್ ಬೇಕು ಅಂದರೆ ಕಾಯಬೇಕಂತೆ. ನಮ್ಮ ಕೆಲಸಕ್ಕೆ ಇವೆಲ್ಲ ನಿಜವಾಗಿಯೂ ಬೇಕಾ? ಓಡಿಸುತ್ತಿರುವವರು ಹೇಳಿ.

ಶ್ರೀನಿವಾಸಪುರ ಮಾವು:
ಸಾದಾ ಮಾಡೆಲ್‌ಗೇ ಕಾಯಿರಿ ಅಣ್ಣ. ನಮ್ಮಲ್ಲಿ ಬಾಡಿಗೆ ಬಾಕ್ಸ್ ಲೆಕ್ಕ. 15 ಕೆಜಿ ಬಾಕ್ಸ್‌ಗೆ ಇಷ್ಟು ಅಂತ ಮಾತಾಡಿಕೊಂಡೇ ಲೋಡ್ ಹಾಕುತ್ತಾರೆ. ಎಸಿ ಗಾಡಿ ಅಂತ ಯಾವ ಮಂಡಿಯವರೂ ನಾಲ್ಕಾಣೆ ಜಾಸ್ತಿ ಕೊಡಲ್ಲ. ಕಂತು ಮಾತ್ರ ತಿಂಗಳು ತಿಂಗಳು ಜಾಸ್ತಿ ಕಟ್ಟಬೇಕು. ಟೊಮೆಟೊ ರೇಟ್ ಬಿದ್ದಾಗ ರೈತರು ಕೀಳಿಸುವ ಕೂಲಿಯೂ ಹುಟ್ಟಲ್ಲ ಅಂತ ತೋಟದಲ್ಲೇ ಬಿಟ್ಟುಬಿಡುತ್ತಾರೆ. ಆಗ ಲೋಡೇ ಇರಲ್ಲ. ಆ ತಿಂಗಳ ಕಂತು ಎಲ್ಲಿಂದ ತರುವುದು? ಪವರ್ ಸ್ಟೀರಿಂಗ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಮಿಕ್ಕಿದ್ದು ಕಾರಿನವರಿಗೆ.

ಚಿಂತಾಮಣಿ ಡ್ರೈವರ್:
ಬಾಡಿಗೆ ಲೆಕ್ಕ ಸರಿ ಅಣ್ಣ, ಆದರೆ ಎಸಿ ಕಾರಿನವರಿಗೆ ಅನ್ನುವುದನ್ನು ನಾನು ಒಪ್ಪಲ್ಲ. ನಮ್ಮ ದಿನ ಹೇಗಿರುತ್ತೆ ನೋಡಿ. ಹರಾಜು ಮುಗಿದು ಲೋಡ್ ಆಗುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತೆ. ರಾತ್ರಿಯೆಲ್ಲ ಓಡಿಸಿ ಬೆಳಗಿನ ಜಾವಕ್ಕೆ ಚೆನ್ನೈನ ಕೋಯಂಬೇಡು ಮಾರುಕಟ್ಟೆ ಸೇರಬೇಕು. ಅಲ್ಲಿ ಇಳಿಸಿ ವಾಪಸ್ ಹೊರಟಾಗ ಬಿಸಿಲು ಏರುತ್ತಿರುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ರಾಣಿಪೇಟೆ, ಚಿತ್ತೂರು ಕಡೆಯ ಬಿಸಿಲು ಹೇಗಿರುತ್ತೆ ಅಂತ ಈ ಲೈನ್ ಓಡಿಸಿದ ಎಲ್ಲರಿಗೂ ಗೊತ್ತು. ರಾತ್ರಿ ನಿದ್ದೆಗೆಟ್ಟವನಿಗೆ ಆ ಸೆಕೆಯಲ್ಲಿ ಕಣ್ಣು ತಾನಾಗಿಯೇ ಎಳೆಯುತ್ತೆ. ನನ್ನದು ಎಂಜಿನ್ ಸೀಟಿನ ಕೆಳಗೇ ಇರುವ ಗಾಡಿ. ಮೇಲಿಂದ ಬಿಸಿಲು, ಕೆಳಗಿಂದ ಎಂಜಿನ್ ಕಾವು. ಕಿಟಕಿ ತೆರೆದರೆ ಬಿಸಿ ಗಾಳಿ, ಮುಚ್ಚಿದರೆ ಉಸಿರು ಕಟ್ಟುತ್ತೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಮಳೆ ಬಂದಾಗ ಒಳಗಡೆ ಗ್ಲಾಸ್ ಮಂಜಾಗುತ್ತಲ್ಲ, ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯುವಾಗ ಒಂದು ಕೈಯಲ್ಲಿ ಬಟ್ಟೆ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿಯಬೇಕಾಗುತ್ತೆ. ಎಸಿ ಗಾಳಿ ಗ್ಲಾಸ್ ಕಡೆ ತಿರುಗಿಸಿದರೆ ಬೇಗ ಕ್ಲಿಯರ್ ಆಗುತ್ತೆ. ಇದು ಶೋಕಿ ಅಲ್ಲ, ಜೀವದ ವಿಷಯ.

ಕೋಲಾರ ಆರು ಚಕ್ರ:
ನಂದು ಲಾರಿ, ಪಿಕಪ್ ಅಲ್ಲ. ಆದರೂ ಒಂದು ಮಾತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಎನ್2, ಎನ್3 ವರ್ಗದ ಲಾರಿಗಳ ಕ್ಯಾಬಿನ್‌ನಲ್ಲಿ ಎಸಿ ಕಡ್ಡಾಯ. ಎನ್2 ಅಂದರೆ ಒಟ್ಟು ತೂಕ 3.5 ಟನ್‌ಗಿಂತ ಮೇಲೆ, 12 ಟನ್‌ವರೆಗೆ. ಅದರ ಮೇಲಿನದು ಎನ್3. ನಿಮ್ಮ ಪಿಕಪ್‌ಗಳು 3.5 ಟನ್ ಒಳಗೇ ಬರುವುದರಿಂದ ಎನ್1. ಹಾಗಾಗಿ ನಿಮಗೆ ಈ ನಿಯಮ ಇಲ್ಲ. ಅದೇ ಹೈವೇ, ಅದೇ ಬಿಸಿಲು, ಅದೇ ರಾತ್ರಿ. ದೊಡ್ಡ ಗಾಡಿಯವನಿಗೆ ಬೇಕಾದ್ದು ಸಣ್ಣ ಗಾಡಿಯವನಿಗೆ ಬೇಡವೇ? ನನ್ನ ಪ್ರಕಾರ ಪಿಕಪ್‌ಗೂ ಕಡ್ಡಾಯ ಮಾಡಬೇಕಿತ್ತು.

ಶ್ರೀನಿವಾಸಪುರ ಮಾವು:
ಕಡ್ಡಾಯ ಮಾಡಿದ್ದರೆ ಸಾದಾ ಗಾಡಿ ಅನ್ನುವುದೇ ಇರುತ್ತಿರಲಿಲ್ಲ. ಹಳ್ಳಿಯಿಂದ ಮಂಡಿಗೆ ಇಪ್ಪತ್ತು ಕಿಲೋಮೀಟರ್ ಓಡಿಸುವವನಿಗೂ ಅದೇ ರೇಟ್ ಬೀಳುತ್ತಿತ್ತು. ಎಲ್ಲರೂ ಚೆನ್ನೈಗೆ ಹೋಗಲ್ಲ ಅಣ್ಣ. ನಮ್ಮ ಕಡೆ ಅರ್ಧಕ್ಕರ್ಧ ಗಾಡಿಗಳು ತೋಟದಿಂದ ಮಂಡಿ, ಮಂಡಿಯಿಂದ ತೋಟ ಅಷ್ಟೇ.

ಕೋಲಾರ ಆರು ಚಕ್ರ:
ಲೋಕಲ್ ಓಡಿಸುವವರ ವಿಷಯದಲ್ಲಿ ನಿಮ್ಮ ಮಾತು ಒಪ್ಪಬೇಕಾದ್ದೇ. ಆದರೆ ದುಡ್ಡಿನ ವಿಷಯಕ್ಕೆ ಒಂದು ಸೇರಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ 28 ಪರ್ಸೆಂಟ್‌ನಿಂದ 18ಕ್ಕೆ ಇಳಿದಿದೆ. ಆ ಉಳಿತಾಯದಲ್ಲಿ ಎಸಿ ಮಾಡೆಲ್ ಬರಬಹುದಲ್ವಾ?

ಶ್ರೀನಿವಾಸಪುರ ಮಾವು:
ಉಳಿದದ್ದು ಸಾಲ ಕಡಿಮೆ ಮಾಡಲಿ. ಅದನ್ನೂ ಗಾಡಿಗೇ ಸುರಿದರೆ ಉಳಿತಾಯ ಹೇಗಾಯಿತು?

ಮುಳಬಾಗಿಲು ಪಿಕಪ್:
ನಂದು ಎರಡೂ ಇದೆ. ವಾರದಲ್ಲಿ ಹೆಚ್ಚು ದಿನ ಲೋಕಲ್, ಸೀಸನ್‌ನಲ್ಲಿ ಚೆನ್ನೈ ಲೈನ್. ಎಸಿ ಹಾಕಿದರೆ ಮೈಲೇಜ್ ತುಂಬಾ ಬೀಳುತ್ತಾ? ರಿಪೇರಿ ಜಾಸ್ತಿ ಬರುತ್ತಾ? ನನಗೆ ಅದೇ ಭಯ. ಹಳೇ ಗಾಡಿಯನ್ನು ಎಲ್ಲಿ ನಿಂತರೂ ಒಂದು ಸ್ಪಾನರ್ ಇದ್ದರೆ ಸರಿ ಮಾಡಿಕೊಳ್ಳುತ್ತಿದ್ದೆ.

ಮಾಲೂರು ಮೆಕ್ಯಾನಿಕ್:
ಇದಕ್ಕೆ ನಾನು ಹೇಳುತ್ತೇನೆ. ಎಸಿ ಕಂಪ್ರೆಸರ್ ಎಂಜಿನ್ ಬೆಲ್ಟ್‌ನಿಂದ ತಿರುಗುತ್ತೆ. ಹಾಗಾಗಿ ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುವುದು ನಿಜ. ಫುಲ್ ಲೋಡ್‌ನಲ್ಲಿ ಘಾಟ್ ಹತ್ತುವಾಗ ಎಳೆತ ಕಡಿಮೆ ಅನಿಸಿದರೆ ಆ ಸ್ವಲ್ಪ ಹೊತ್ತು ಆಫ್ ಮಾಡಿ. ರಿಪೇರಿ ಹೆಚ್ಚಾಗಿ ಎರಡು ಕಡೆ ಬರುತ್ತೆ. ಪೈಪ್ ಜಾಯಿಂಟ್ ಅದುರಿ ಅದುರಿ ಗ್ಯಾಸ್ ಲೀಕ್ ಆಗುವುದು ಒಂದು. ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ಗೆ ಧೂಳು, ಹುಲ್ಲು, ಹುಳ ಕೂರುವುದು ಇನ್ನೊಂದು. ಕಂಡೆನ್ಸರ್ ಕಟ್ಟಿಕೊಂಡರೆ ಎಸಿ ತಣ್ಣಗಾಗಲ್ಲ ಅಷ್ಟೇ ಅಲ್ಲ, ಹಿಂದಿನ ರೇಡಿಯೇಟರ್‌ಗೂ ಗಾಳಿ ಹೋಗಲ್ಲ, ಎಂಜಿನ್ ಬಿಸಿಯಾಗುತ್ತೆ. ವಾಟರ್ ಸರ್ವಿಸ್‌ನಲ್ಲಿ ಮೆಲ್ಲಗೆ ನೀರು ಹಾಯಿಸಿದರೆ ಸಾಕು, ಜೋರು ಪ್ರೆಶರ್ ಕೊಟ್ಟರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಎಸಿ ಓಡಿಸಿ. ಒಳಗಿನ ಆಯಿಲ್ ಓಡಾಡಿದರೆ ಸೀಲ್‌ಗಳು ಒಣಗಲ್ಲ.

ಸ್ಪಾನರ್ ವಿಷಯಕ್ಕೆ ಬರೋಣ. ಇದನ್ನು ಎಲ್ಲರೂ ತಪ್ಪು ತಿಳಿದುಕೊಂಡಿದ್ದಾರೆ. ಹೊಸ ಗಾಡಿ ರಸ್ತೆಬದಿ ರಿಪೇರಿ ಆಗದೇ ಇರುವುದು ಎಸಿ, ಆ್ಯಪ್‌ನಿಂದ ಅಲ್ಲ. 2020ರ ಏಪ್ರಿಲ್‌ನಿಂದ ಬಿಎಸ್6 ಅನ್ನುವ ಹೊಗೆ ನಿಯಮ ಬಂದಿದೆ. ಹೊಗೆ ಕಡಿಮೆ ಮಾಡಲು ಸೈಲೆನ್ಸರ್ ಲೈನ್‌ನಲ್ಲಿ ಫಿಲ್ಟರ್, ಅದಕ್ಕೆ ಸೆನ್ಸರ್, ಇವೆಲ್ಲ ಡೀಸೆಲ್ ಪಿಕಪ್‌ಗಳಲ್ಲಿ ಸೇರಿಕೊಂಡವು. ಸಾದಾ ಮಾಡೆಲ್ ತಗೊಂಡರೂ ಇವು ಇದ್ದೇ ಇರುತ್ತವೆ. ಮಸಿ ಹಿಡಿಯುವ ಆ ಫಿಲ್ಟರ್ ಬಿಸಿಯಾದಾಗಲೇ ಒಳಗಿನ ಮಸಿ ಸುಟ್ಟು ಹೋಗುವುದು. ಬರೀ ಊರೊಳಗೆ ಐದೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಬಿಸಿಯೇ ಏರಲ್ಲ, ಕಟ್ಟಿಕೊಂಡು ಮೀಟರ್‌ನಲ್ಲಿ ಎಚ್ಚರಿಕೆ ಲ್ಯಾಂಪ್ ಬರುತ್ತೆ. ಲೋಕಲ್ ಓಡಿಸುವವರು ಆಗಾಗ ಹೈವೇಯಲ್ಲಿ ಒಂದೇ ಸ್ಪೀಡ್‌ನಲ್ಲಿ ಸ್ವಲ್ಪ ದೂರ ಓಡಿಸಿ. ಲ್ಯಾಂಪ್ ಬಂದ ಮೇಲೂ ಸುಮ್ನೆ ಓಡಿಸಬೇಡಿ. ರಿಪೇರಿ ಭಯಕ್ಕೆ ಸಾದಾ ಮಾಡೆಲ್ ತಗೊಳ್ಳುವುದರಲ್ಲಿ ಅರ್ಥವಿಲ್ಲ. ದುಡ್ಡು ಉಳಿಸಲು ತಗೊಳ್ಳಿ, ಅದು ಬೇರೆ ಮಾತು.

ಬಂಗಾರಪೇಟೆ ಓನರ್:
ಒಳ್ಳೇ ಮಾಹಿತಿ. ನನ್ನ ಹತ್ತಿರ ಮೂರು ಗಾಡಿ ಇವೆ, ಮೂರಕ್ಕೂ ಡ್ರೈವರ್‌ಗಳಿದ್ದಾರೆ. ನನಗೆ ಎಸಿಗಿಂತ ಮುಖ್ಯ ಆ್ಯಪ್. ಗಾಡಿ ಎಲ್ಲಿದೆ, ಎಷ್ಟು ಹೊತ್ತು ಸುಮ್ಮನೆ ಆನ್‌ನಲ್ಲಿ ನಿಂತಿತ್ತು, ಸರ್ವಿಸ್ ಯಾವಾಗ, ಎಲ್ಲ ಫೋನ್‌ನಲ್ಲೇ ಗೊತ್ತಾಗುತ್ತೆ. ಮಂಡಿಯವರು ಗಾಡಿ ಎಲ್ಲಿ ಬಂತು ಅಂತ ಕೇಳಿದಾಗ ಡ್ರೈವರ್‌ಗೆ ಫೋನ್ ಮಾಡುವ ಕೆಲಸವಿಲ್ಲ.

ನಂಗಲಿ ಡ್ರೈವರ್:
ಅಣ್ಣ, ನಾನು ಕೂಲಿಗೆ ಓಡಿಸುವವನು. ಆ್ಯಪ್ ಇದ್ದ ಮೇಲೆ ಫೋನ್ ಜಾಸ್ತಿ ಆಗಿದೆ, ಕಡಿಮೆ ಆಗಿಲ್ಲ. ಟೀಗೆ ನಿಂತರೆ ಫೋನ್, ಟಾರ್ಪಾಲ್ ಹಗ್ಗ ಬಿಗಿ ಮಾಡಲು ನಿಂತರೂ ಫೋನ್. ಘಾಟ್ ಇಳಿದ ಮೇಲೆ ಬ್ರೇಕ್ ಡ್ರಮ್ ಆರಲಿ ಅಂತ ಹತ್ತು ನಿಮಿಷ ನಿಲ್ಲಿಸುತ್ತೇವೆ. ಅದೂ ಆ್ಯಪ್‌ನಲ್ಲಿ ಸುಮ್ಮನೆ ನಿಂತ ಹಾಗೇ ಕಾಣುತ್ತೆ. ಗಾಡಿ ಎಲ್ಲಿದೆ ಅಂತ ಆ್ಯಪ್ ಹೇಳುತ್ತೆ, ಯಾಕೆ ನಿಂತಿದೆ ಅಂತ ಹೇಳಲ್ಲ. ನೀವು ನಮಗೆ ಎಸಿ ಬೇಡ, ನಿಗಾ ಬೇಕು ಅಂದಾಗ ಮನಸ್ಸಿಗೆ ನೋವಾಗುತ್ತೆ. ಕ್ಯಾಬಿನ್‌ನಲ್ಲಿ ರಾತ್ರಿ ಕಳೆಯುವವರು ನಾವು.

ಬಂಗಾರಪೇಟೆ ಓನರ್:
ನಿಮ್ಮ ಮಾತಿನಲ್ಲಿ ನ್ಯಾಯ ಇದೆ ತಮ್ಮ. ಆದರೆ ಡೀಸೆಲ್ ಕಳುವು, ಹೇಳದೇ ಕೇಳದೇ ಬೇರೆ ಬಾಡಿಗೆ ಹೊಡೆಯುವುದು, ಇವೂ ನಡೆಯುತ್ತವೆ. ಎಲ್ಲರೂ ಹಾಗೆ ಅಂತ ನಾನು ಹೇಳಲ್ಲ. ಸಾಲ ನನ್ನ ಹೆಸರಲ್ಲಿದೆ, ಗಾಡಿ ಎಲ್ಲಿದೆ ಅಂತ ನನಗೆ ಗೊತ್ತಿರಲೇಬೇಕು.

ನಂಗಲಿ ಡ್ರೈವರ್:
ಗೊತ್ತಿರಲಿ, ಬೇಡ ಅನ್ನಲ್ಲ. ಓಡಿಸುವಾಗ ಫೋನ್ ಮಾಡಬೇಡಿ ಅಂತಷ್ಟೇ ಕೇಳುತ್ತಿರುವುದು. ಮತ್ತೆ ಹೊಸ ಗಾಡಿ ತಗೊಳ್ಳುವಾಗ ಸೀಟ್ ಒಮ್ಮೆ ನೋಡಿ. ಎತ್ತರ ಹೊಂದಿಸುವ ಸೀಟ್ ಬೊಲೆರೊ ಮ್ಯಾಕ್ಸ್ ಪಿಕಪ್‌ನಲ್ಲಿ ಇದೆ. ಅದರಿಂದ ಬೆನ್ನಿಗೆ ಎಷ್ಟು ಆರಾಮ ಅಂತ ಓಡಿಸಿದವರಿಗೇ ಗೊತ್ತು.

ಚಿಂತಾಮಣಿ ಡ್ರೈವರ್:
ಸೀಟ್ ವಿಷಯ ನೂರಕ್ಕೆ ನೂರು ನಿಜ. ಲೈಟೂ ಅಷ್ಟೇ ಮುಖ್ಯ.

ಶಿಡ್ಲಘಟ್ಟ ಗೂಡು:
ನಾನು ರೇಷ್ಮೆ ಗೂಡು ಸಾಗಿಸುವವನು. ಲೋಡ್ ಹಗುರ, ಜಾಗ ಮಾತ್ರ ಜಾಸ್ತಿ ತಿನ್ನುತ್ತೆ. ನನಗೆ ಬಹಳ ಉಪಯೋಗಕ್ಕೆ ಬಂದಿರುವುದು ರಿವರ್ಸ್ ಕ್ಯಾಮೆರಾ. ಬುಟ್ಟಿ ತುಂಬಿ ಟಾರ್ಪಾಲ್ ಕಟ್ಟಿದ ಮೇಲೆ ಒಳಗಿನ ಕನ್ನಡಿಯಲ್ಲಿ ಏನೂ ಕಾಣಲ್ಲ. ಪಕ್ಕದ ಕನ್ನಡಿಯಲ್ಲಿ ಗಾಡಿಯ ನೇರ ಹಿಂದೆ ಇರುವವರು ಕಾಣಲ್ಲ. ಮಾರುಕಟ್ಟೆಯಲ್ಲಿ ಹಮಾಲಿಗಳು ಬಗ್ಗಿ ಬುಟ್ಟಿ ಎತ್ತುತ್ತಿರುತ್ತಾರೆ, ಮಕ್ಕಳೂ ಓಡಾಡುತ್ತಿರುತ್ತಾರೆ. 2019ರ ಜುಲೈನಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿದರು. ಹಿಂದೆ ಏನೂ ಕಾಣದ ನಮ್ಮ ಗಾಡಿಗಳಿಗೆ ಅದು ಇನ್ನೂ ಹೆಚ್ಚು ಬೇಕು.

ಶ್ರೀನಿವಾಸಪುರ ಮಾವು:
ಇದನ್ನು ಒಪ್ಪುತ್ತೇನೆ. ಕ್ಯಾಮೆರಾಗೆ ಕೊಡುವ ದುಡ್ಡು ದಂಡ ಅಲ್ಲ. ಬರೀ ಸೆನ್ಸರ್ ಆದರೆ ಮಂಡಿಯ ಜನರ ಮಧ್ಯೆ ಕೂಗುತ್ತಲೇ ಇರುತ್ತೆ, ಕೊನೆಗೆ ಯಾರೂ ಅದಕ್ಕೆ ಕಿವಿಗೊಡಲ್ಲ.

ಮಾಲೂರು ಮೆಕ್ಯಾನಿಕ್:
ಒಂದು ಎಚ್ಚರಿಕೆ. ಕಂಪನಿ ಬಿಟ್ಟು ಹೊರಗಡೆ ಕ್ಯಾಮೆರಾ ಹಾಕಿಸಿದರೆ ವೈರಿಂಗ್ ಕತ್ತರಿಸಲು ಬಿಡಬೇಡಿ. ಕಪ್ಲರ್, ಅಂದರೆ ವೈರ್ ಕತ್ತರಿಸದೇ ಸಿಕ್ಕಿಸುವ ಪ್ಲಗ್ ಹಾಕಿ ಜೋಡಿಸಲಿ. ಕತ್ತರಿಸಿದ ವೈರ್ ನೋಡಿ ವಾರಂಟಿ ಕೊಡಲ್ಲ ಅಂದ ಕೇಸ್ ನನ್ನ ಶೆಡ್‌ಗೇ ಬಂದಿದೆ. ಎಸಿ ಅಂತೂ ಹೊರಗಡೆ ಹಾಕಿಸಲೇಬೇಡಿ. ಕಂಪನಿ ಎಸಿಯಲ್ಲಿ ಆನ್ ಮಾಡಿದ ತಕ್ಷಣ ಎಂಜಿನ್ ಕಂಪ್ಯೂಟರ್‌ಗೆ ಗೊತ್ತಾಗಿ ಐಡ್ಲಿಂಗ್, ಅಂದರೆ ಗಾಡಿ ನಿಂತಾಗ ಎಂಜಿನ್ ತಿರುಗುವ ವೇಗ, ಸರಿ ಮಾಡಿಕೊಳ್ಳುತ್ತೆ. ಹೊರಗಿನ ಕಿಟ್‌ನಲ್ಲಿ ಆ ವೈರಿಂಗ್ ಸರಿಯಾಗಿ ಕೂರದಿದ್ದರೆ ಸಿಗ್ನಲ್‌ನಲ್ಲಿ ಗಾಡಿ ನಡುಗುತ್ತೆ, ಆಫ್ ಆಗುತ್ತೆ. ತಗೊಂಡರೆ ಕಂಪನಿಯಿಂದಲೇ ತಗೊಳ್ಳಿ, ಇಲ್ಲದಿದ್ದರೆ ಬಿಡಿ.

ಕೋಲಾರ ಆರು ಚಕ್ರ:
ಹಾಗಾದರೆ ಎಸಿ ಮೊದಲ ದಿನವೇ ತೀರ್ಮಾನ ಮಾಡಬೇಕಾದ್ದು, ಕ್ಯಾಮೆರಾ ಆಮೇಲೂ ಆಗುತ್ತೆ. ಮತ್ತೆ ಯಾರೂ ಬಾಡಿ ಬಗ್ಗೆ ಹೇಳಲಿಲ್ಲ. ಹಗ್ಗ ಕಟ್ಟುವ ಕೊಂಡಿಗಳು ಎಷ್ಟಿವೆ, ಗಟ್ಟಿ ಇವೆಯಾ, ಹಿಂದಿನ ಡೋರ್ ಪೂರ್ತಿ ಕೆಳಗೆ ಬೀಳುತ್ತಾ, ಪ್ಲಾಟ್‌ಫಾರಂ ಎತ್ತರ ಎಷ್ಟು ಅಂತ ನೋಡಿ. 1.7 ಟನ್ ಲೋಡ್ ಹೊರುವ ಗಾಡಿಗೆ ನೂರು ಬಾಕ್ಸ್ ಅಂದರೂ ಅಷ್ಟನ್ನೂ ಹಮಾಲಿಗಳು ಕೈಯಲ್ಲೇ ಎತ್ತಿ ಇಡುವುದು. ಅರ್ಧ ಅಡಿ ಎತ್ತರ ಕಡಿಮೆ ಇದ್ದರೂ ಅವರ ಸೊಂಟಕ್ಕೆ ದೊಡ್ಡ ಉಪಕಾರ, ಲೋಡ್ ಕೂಡ ಬೇಗ ಮುಗಿಯುತ್ತೆ.

ಮುಳಬಾಗಿಲು ಪಿಕಪ್:
ಎಲ್ಲರಿಗೂ ಥ್ಯಾಂಕ್ಸ್. ಎಸಿ ಇರುವುದನ್ನೇ ತಗೊಳ್ಳುತ್ತೇನೆ, ಚೆನ್ನೈ ಲೈನ್ ಬಿಡಲು ಆಗಲ್ಲ. ಕ್ಯಾಮೆರಾವನ್ನು ಕಪ್ಲರ್ ಹಾಕಿಯೇ ಜೋಡಿಸಿಕೊಳ್ಳುತ್ತೇನೆ. ದೊಡ್ಡ ಸ್ಕ್ರೀನ್, ಮ್ಯೂಸಿಕ್ ಬೇಡ ಅಂತ ಹೇಳಿಬಿಡುತ್ತೇನೆ. ಶ್ರೀನಿವಾಸಪುರದ ಅಣ್ಣ, ನಿಮ್ಮ ಕಂತಿನ ಮಾತು ಮನಸ್ಸಿನಲ್ಲಿದೆ. ಹಳೇ ಗಾಡಿ ಮಾರಿದ ದುಡ್ಡು ಪೂರ್ತಿ ಡೌನ್ ಪೇಮೆಂಟ್‌ಗೇ ಹಾಕುತ್ತೇನೆ.

ಶ್ರೀನಿವಾಸಪುರ ಮಾವು:
ಹಾಗೆ ಮಾಡಿ. ಆದರೂ ನನ್ನ ಮಾತು ಬದಲಾಗಲ್ಲ. ಬಾಕ್ಸ್ ಬಾಡಿಗೆ ಏರದೇ ಇದ್ದರೆ ಎಸಿ ದುಡ್ಡು ನಮ್ಮ ಮನೆ ಖರ್ಚಿನಿಂದಲೇ ಹೋಗುತ್ತೆ. ಸೀಸನ್ ಶುರುವಾಗುವ ಮುಂಚೆ ಮಂಡಿಯವರ ಹತ್ತಿರ ಬಾಡಿಗೆ ಮಾತಾಡಲು ಎಷ್ಟು ಜನ ಬರುತ್ತೀರಿ?

ಚಿಂತಾಮಣಿ ಡ್ರೈವರ್:
ನಾನು ಬರುತ್ತೇನೆ ಅಣ್ಣ.

ನಂಗಲಿ ಡ್ರೈವರ್:
ನಾನೂ. ಓನರ್‌ಗಳೂ ಬರಲಿ, ಬರೀ ಡ್ರೈವರ್‌ಗಳು ಹೋದರೆ ಯಾರೂ ಕೇಳಲ್ಲ.