ಸಭಾಪಾಲಕರ ಸಂಬಳ: ಕಾಣಿಕೆ ಇಳಿದಾಗ ಎಷ್ಟು ಕೊಡೂದು? ಅನುಭವ ಹೇಳ್ರಿ

ಜಮಖಂಡಿ ಖಜಾಂಚಿ: ಸ್ವತಂತ್ರ ಕ್ರೈಸ್ತ ಸಭೆ, 58 ಮನೆತನ, ಹೆಚ್ಚಿನವರು ಕಬ್ಬಿನವರು ಇಲ್ಲಾ ಕೂಲಿಯವರು. ಕಾರ್ಖಾನೆ ಬಿಲ್ ಬಂದಿಲ್ಲ, ಕಾಣಿಕೆ ಅರ್ಧಕ್ಕ ಇಳಿದೈತಿ. ಸಭಾಪಾಲಕರಿಗೆ, ಅಂದ್ರ ಪಾಸ್ಟರಿಗೆ, ತಿಂಗಳಾ 16,000, ಮನಿ ಸಭೆದು. ಕಮಿಟಿಯವರು 10,000ಕ್ಕ ಇಳಸೂಣು ಅಂತಾರ. ನೀವೆಲ್ಲಾ ಹೆಂಗ ಮಾಡೀರಿ?

ಬಿಳಿಜೋಳ, ಇಂಡಿ: ಆ ತಿಂಗಳು ಬಂದದ್ದನ್ನ ಆ ತಿಂಗಳ ಹಂಚೂ ಪದ್ಧತಿನ ತಪ್ಪು. ನಮ್ಮಲ್ಲಿ ತೊಗರಿ, ಜೋಳದ ರೊಕ್ಕ ಕೈಗೆ ಹತ್ತೂದು ಫೆಬ್ರವರಿ-ಮಾರ್ಚ್‌ನಾಗ. ಸುಗ್ಗಿ ಹಬ್ಬದಾಗ ಸಭೆಗೆ ಅರ್ಪಿಸಿದ ಬೆಳಿ-ಕಾಯಿ ಹರಾಜ ಹಾಕಿದ ರೊಕ್ಕಕ್ಕ ಬೇರೆ ಖಾತೆ, ಇಬ್ಬರ ಸಹಿ. ಜೂನ್‌ದಿಂದ ಸೆಪ್ಟೆಂಬರ್ ತನಕ ಸಂಬಳ ಅದರಾಗಿಂದ. ತಿಂಗಳಿಗೆ 16,000 ಹಿಡಿದರ ನಾಲ್ಕು ತಿಂಗಳಿಗೆ 64,000. ಅಷ್ಟು ಕೂಡೂ ತನಕ ಕಾಂಪೌಂಡ್ ಗೋಡೆಗೆ ಒಂದ ಚೀಲ ಸಿಮೆಂಟ್ ಸುದ್ದಾ ತರಂಗಿಲ್ಲ. 2023ರ ಬರದಾಗೂ ಒಂದ ತಿಂಗಳ ಸಂಬಳ ತಪ್ಪಿಲ್ಲ.

ಲೆಕ್ಕದ ವಹಿ, ಬೆಳಗಾವಿ ಕ್ಯಾಂಪ್: ಇಳಸೂದಾದ್ರ ಮೂಲ ವೇತನ ಮುಟ್ಟಬ್ಯಾಡ್ರಿ. ಸಂಬಳದವರು 20 ಮಂದಿಗಿಂತ ಕಡಿಮಿ ಇದ್ದರೂ ಎರಡೂ ಕಡೆ ಒಪ್ಪಿ ಪಿಎಫ್‌ಗೆ (ಭವಿಷ್ಯ ನಿಧಿಗೆ) ಸೇರಬಹುದು. 15,000 ಮೂಲ ವೇತನಕ್ಕ 10% ಅಂದ್ರ ಸಭೆದು 1,500, ಪಾಸ್ಟರದು 1,500. ಪಿಂಚಣಿ ಲೆಕ್ಕ ಹಿಡಿಯೂದು ಕೊನೆಯ 60 ತಿಂಗಳ ಸರಾಸರಿ ಮ್ಯಾಲೆ, ಅದನ್ನ ಸೇವೆಯ ವರ್ಷಕ್ಕ ಗುಣಿಸಿ 70ರಿಂದ ಭಾಗಸ್ತಾರ. 14 ವರ್ಷ ಸೇವೆ ಆದವರಿಗೆ 15,000ಕ್ಕ 3,000 ಬರ್ತೈತಿ. ಆ ಐದು ವರ್ಷ 10,000ಕ್ಕ ಇಳಿಸಿ ಕೂತರ 2,000. ನೀವು ಒಂದ ಬರಗಾಲ ದಾಟಸ್ತೀರಿ, ಅವರು ಸಾಯೂತನಕ ಅದರ ಪೆಟ್ಟು ತಿಂತಾರ.

ಪೆಟ್ರೋಲ್ ಸಂಬಳದಾಗ ಸೇರಸಬ್ಯಾಡ್ರಿ. ವಾರಕ್ಕ 140 ಕಿ.ಮೀ. ಹಳ್ಳಿ ಕೂಟ ಅಂದ್ರ, ಲೀಟರಿಗೆ 45 ಕೊಡೂ ಬೈಕಿಗೆ ತಿಂಗಳಾ 1,400 ರೂಪಾಯಿ ಹತ್ರ ಹೋಗ್ತೈತಿ. ಅದು ಸಭೆ ಖರ್ಚು, ಅವರ ಗಳಿಕೆ ಅಲ್ಲ.

ಗುಡಾರದವ, ಬಾಗಲಕೋಟೆ: ಪಿಎಫ್, ಪಿಂಚಣಿ! ಬೈಬಲ್‌ನಾಗಿನ ಅಪೊಸ್ತಲ ಪೌಲ ಗುಡಾರ ಹೊಲದು ಹೊಟ್ಟಿ ಹೊರಕೊಂಡ. ನಮ್ಮಲ್ಲಿ ಸಂಬಳನ ಇಲ್ಲ, ದಶಮಾಂಶ (ಗಳಿಕೆಯ ಹತ್ತರಾಗ ಒಂದು ಪಾಲು) ಬಂದಷ್ಟು ಪಾಸ್ಟರಿಗೆ. ವಾರದಾಗ ನಾಲ್ಕು ದಿನ ಅವರು ಹೊಲಿಗಿ ಅಂಗಡಿ ನಡಸ್ತಾರ. ಯಾರ ಹಂಗೂ ಇಲ್ಲ.

ಲೆಕ್ಕದ ವಹಿ: ಅದ ಪೌಲ ಕಣ ತುಳಿಯೂ ಎತ್ತಿನ ಬಾಯಿ ಕಟ್ಟಬ್ಯಾಡ್ರಿ, ಅಂದ್ರ ದುಡಿದವಗ ಪಾಲು ಕೊಡ್ರಿ ಅಂತಾನೂ ಬರದಾನ, ಅದ್ಯಾಕೋ ಯಾರಿಗೂ ನೆಪ್ಪಿರಂಗಿಲ್ಲ. ಮತ್ತ ನಿಮ್ಮ ಕಾಣಿಕೆ ಹಾಕೂ ಕ್ಯೂಆರ್ ಕೋಡ್ ಯಾರ ಹೆಸರಿನ ಖಾತೆದು? ಪಾಸ್ಟರ್ ಸ್ವಂತ ಖಾತೆಗೆ ಬಂದರ ಸಭೆ ರೊಕ್ಕ ಯಾವುದು, ಅವರದು ಯಾವುದು? ನಾಳೆ ಆದಾಯ ತೆರಿಗೆಯವರು ಕೇಳಿದರ ಎಲ್ಲಾ ಅವರ ತಲಿಮ್ಯಾಲ ಬರ್ತೈತಿ.

ಗುಡಾರದವ: ನಮ್ಮ ಕ್ಯೂಆರ್ ಸುದ್ದಿ ನಿಮಗ್ಯಾಕ್ರಿ?

ಮರಿಯಾ, ಖಾನಾಪುರ: ನಮ್ಮ ಕಥೋಲಿಕ ಗುರುಗಳು ದಿನಕ್ಕೆ ಎಷ್ಟೇ ಪೂಜೆ ಅರ್ಪಿಸಲಿ, ಒಂದರ ಕಾಣಿಕೆಯನ್ನಷ್ಟೇ ಇಟ್ಟುಕೊಳ್ಳಬಹುದು, ಕ್ರಿಸ್‌ಮಸ್ ದಿನ ಮಾತ್ರ ಇದಕ್ಕೆ ವಿನಾಯಿತಿ. ಇನ್ನು ಅನುದಾನಿತ ಶಾಲೆಯಲ್ಲಿ ಕಲಿಸುವ ಗುರುಗಳು, ಸಿಸ್ಟರುಗಳು ಸಂಬಳವನ್ನು ಮಠಕ್ಕೇ ಕೊಟ್ಟರೂ ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ತಪ್ಪದು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟರಲ್ಲೇ ಬದುಕುತ್ತಾರೆ.

ಬಿಳಿಜೋಳ: ಅಕ್ಕಾರ, ನಿಮ್ಮ ಫಾದರ್‌ಗೆ ಹೆಂಡತಿ-ಮಕ್ಕಳಿಲ್ಲ, ಶಾಲಿ ಫೀ ಇಲ್ಲ. ಎರಡನ್ನೂ ಒಂದ ತಕ್ಕಡಿಗೆ ಇಡಬ್ಯಾಡ್ರಿ.

ಮರಿಯಾ: ವಯಸ್ಸಾದ ಮೇಲೆ ನೋಡಿಕೊಳ್ಳಲು ಮಕ್ಕಳೂ ಇಲ್ಲ. ಅದನ್ನೂ ತೂಗಿರಿ.

ಲೆಕ್ಕದ ವಹಿ: ಜಮಖಂಡಿಯವರ, ಕಬ್ಬು ಹೋದ 14 ದಿನದಾಗ ಕಾರ್ಖಾನೆಯವರು ಎಫ್‌ಆರ್‌ಪಿ (ಸರ್ಕಾರ ಗೊತ್ತು ಮಾಡಿದ ಕಬ್ಬಿನ ದರ) ಕೊಡಬೇಕು, ತಡ ಆದ್ರ ವರ್ಷಕ್ಕ 15% ಬಡ್ಡಿ, 1966ರ ಕಬ್ಬು ನಿಯಂತ್ರಣ ಆದೇಶದಾಗ ಐತಿ. ಅದನ್ನ ಕೇಳಾಕ ರಸ್ತಾ ರೋಕೊ ಮಾಡೂ ರೈತನ ಕಮಿಟಿಯೊಳಗ ಕೂತು ಪಾಸ್ಟರ್ ಸಂಬಳಕ್ಕ ಕತ್ತರಿ ಹಾಕ್ತಾನ. ಕಡಿಮಿ ಕೊಟ್ಟರ ‘ಬಾಕಿ’ ಅಂತ ಠರಾವು ಬರೀರಿ, ತೀರಸೂ ತಿಂಗಳೂ ಬರೀರಿ. ‘ಪರಿಸ್ಥಿತಿ ಸುಧಾರಿಸಿದ ಮೇಲೆ’ ಅಂತ ಬರದ್ರ ಅದು ಎಂದೂ ಸುಧಾರಸಂಗಿಲ್ಲ.

ಗುಡಾರದವ: ಬಾಕಿ ಅಂದಿರಿ. ಹರಾಜಿನ ಬಾಕಿ ಹೇಳ್ರಲಾ ಬಿಳಿಜೋಳದವರ. ತೆಂಗಿನಕಾಯಿ 5,000ಕ್ಕ ಕೂಗೂದು, ಉದ್ರಿ ಬರಸೂದು, ಮುಂದಿನ ಸುಗ್ಗಿಗೂ ಕೊಡಂಗಿಲ್ಲ. ನಿಮ್ಮ 64,000ದಾಗ ನಗದು ಎಷ್ಟು?

ಬಿಳಿಜೋಳ: ನಮ್ಮಲ್ಲಿ ಕೂಗಿದ ಕೂಡಲೇ ಕಾಲುಭಾಗ ಇಡಬೇಕು, ಉಳಿದದ್ದು ಎರಡು ತಿಂಗಳೊಳಗ. ಹಳೇ ಬಾಕಿ ಇದ್ದವರಿಗೆ ಕೂಗಾಕ ಕೊಡಂಗಿಲ್ಲ.

ಗುಡಾರದವ: ಬಡವರಿಗೆ ಎಲ್ಲರ ಮುಂದ ಅವಮಾನ!

ಬಿಳಿಜೋಳ: ಬಡವರು ಕುಂಬಳಕಾಯಿ ಕೂಗಿ 50 ರೂಪಾಯಿ ಅಲ್ಲೇ ಎಣಿಸಿ ಇಡ್ತಾರ. ಬಾಕಿ ಇರೂದು ಮುಂದಿನ ಬೆಂಚಿನವರದು.

ಜಮಖಂಡಿ ಖಜಾಂಚಿ: ನಮ್ಮಲ್ಲೂ ಹಂಗ ಐತ್ರಿ. ಹೋದ ವರ್ಷದ ಹರಾಜಿನ ಉದ್ರಿನ 41,000 ನಿಂತೈತಿ. ಸಂಬಳ ಇಳಸೂಣು ಅಂದವರದ ಅದರಾಗ ಹೆಚ್ಚ.