ಫ್ಯಾನ್ ಗಾಳಿಗೆ ಹನಿ ನಡುಗುತ್ತದೆ, ಜರುಗುವುದಿಲ್ಲ. ಯಾಕೆ?

ಪ್ರಶ್ನೆ
ನೀರು ಅಂಟದ ಲೇಪನ ಬಳಿದ ಗಾಜನ್ನು ಮಟ್ಟಸವಾಗಿಟ್ಟು, ಗಾಳಿ ಬರುವ ಕಡೆಯ ಅಂಚಿನಿಂದ 10 ಸೆಂ.ಮೀ. ಒಳಗೆ 10 ಮೈಕ್ರೋಲೀಟರಿನ ನೀರಿನ ಹನಿ ಬಿಟ್ಟಿದ್ದೇನೆ. ಸ್ಪರ್ಶಕೋನ (ಹನಿಯ ಮೈ ಗಾಜನ್ನು ಮುಟ್ಟುವಲ್ಲಿ ಹನಿಯೊಳಗೆ ಆಗುವ ಕೋನ) 110 ಡಿಗ್ರಿ, ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್. ಹನಿ ಗಡಗಡ ನಡುಗಿದರೂ ಕೂತ ಜಾಗ ಬಿಡುವುದಿಲ್ಲ. ಲೇಪನ ಕೆಟ್ಟಿದೆಯೇ?

ಉತ್ತರ 1
ಒಂದೇ ಕೋನ ನೋಡಿ ತೀರ್ಮಾನಿಸಬೇಡಿ. ಗಾಳಿ ತಳ್ಳಿದಾಗ ಹನಿಯ ಮುಂದಿನ ಅಂಚು ಉಬ್ಬುತ್ತದೆ, ಗಾಳಿ ಬೀಳುವ ಕಡೆಯ ಅಂಚು ಚಪ್ಪಟೆಯಾಗುತ್ತದೆ. ಮುಂದಿನದು ಮುನ್ನುಗ್ಗುವ ಕೋನ, ಹಿಂದಿನದು ಹಿಂಜರಿಯುವ ಕೋನ. ಹನಿಯನ್ನು ಹಿಡಿದಿಡುವುದು ಇವೆರಡರ ಅಂತರ. ಹಿಡಿತವೆಂದರೆ ಸುಮಾರಾಗಿ ಮೇಲ್ಮೈ ಎಳೆತ × ತಳದ ಅಗಲ × ಆ ಎರಡು ಕೋನಗಳ ಕೊಸೈನ್ ವ್ಯತ್ಯಾಸ. ನಿಮ್ಮ 110 ಮುನ್ನುಗ್ಗುವ ಕೋನವಾಗಿದ್ದು ಹಿಂಜರಿಯುವುದು 90 ಇದ್ದರೆ, 3 ಮಿ.ಮೀ. ತಳಕ್ಕೆ ಹಿಡಿತ ಸುಮಾರು 75 ಮೈಕ್ರೋನ್ಯೂಟನ್. 5 ಮೀಟರ್ ವೇಗದ ಗಾಳಿ ತಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ಕೋನಗಳು 160, 150 ಇರುವ ಒರಟು ಮೇಲ್ಮೈಯಲ್ಲಿ ತಳ 1 ಮಿ.ಮೀ.ಗೆ ಕುಗ್ಗುತ್ತದೆ, ಹಿಡಿತ ಸುಮಾರು 5ಕ್ಕೆ ಇಳಿಯುತ್ತದೆ. ಅಲ್ಲಿ ಬಾಯಿಂದ ಊದಿದರೂ ಹನಿ ಉರುಳಿ ಓಡುತ್ತದೆ.

ಉತ್ತರ 2
ಲೆಕ್ಕ ಸರಿ, ಆದರೆ ಆ 5 ಮೀಟರ್ ಹನಿಯ ಮೈಗೆ ತಾಗುತ್ತಿಲ್ಲ. ಗಾಜಿಗೆ ತಾಗಿದ ಗಾಳಿ ನಿಧಾನವಾಗುತ್ತದೆ. ಅಂಚಿನಿಂದ 10 ಸೆಂ.ಮೀ. ಒಳಗೆ ಈ ನಿಧಾನ ಪದರ ಸುಮಾರು 2.7 ಮಿ.ಮೀ. ದಪ್ಪ. ನಿಮ್ಮ ಹನಿಯ ಎತ್ತರ 2 ಮಿ.ಮೀ., ಅಂದರೆ ಪೂರ್ತಿ ಅದರೊಳಗೇ ಮುಳುಗಿದೆ. ಹನಿಯನ್ನು ಅಂಚಿಗೆ 2 ಸೆಂ.ಮೀ. ಹತ್ತಿರ ತನ್ನಿ, ಪದರ 1.2 ಮಿ.ಮೀ.ಗೆ ಇಳಿಯುತ್ತದೆ. ಗಾಜಿನ ಅಂಚು ಮೊಂಡಾಗಿದ್ದರೆ ಗಾಳಿ ಅಲ್ಲೇ ಸುಳಿಯಾಗಿ ಎದ್ದು ಲೆಕ್ಕ ಕೆಡುತ್ತದೆ. ಅಂಚನ್ನು ಓರೆಯಾಗಿ ಉಜ್ಜಿಕೊಳ್ಳಿ.

ಪ್ರಶ್ನೆ ಕೇಳಿದವರು
ಹಿಂಜರಿಯುವ ಕೋನ ಅಳೆಯಲು ಉಪಕರಣವಿಲ್ಲ. ಬೇರೆ ದಾರಿ ಇದೆಯೇ?

ಉತ್ತರ 3
ಕೋನವೇ ಬೇಡ, ಗಾಜನ್ನು ಓರೆ ಮಾಡಿ. ಗಾಳಿ ನಿಲ್ಲಿಸಿ, ಒಂದು ತುದಿಯನ್ನು ನಿಧಾನಕ್ಕೆ ಎತ್ತುತ್ತಾ ಹೋಗಿ, ಹನಿ ಜಾರುವ ಕ್ಷಣದ ಓರೆ ಗುರುತು ಹಾಕಿ. 10 ಮೈಕ್ರೋಲೀಟರಿನ ತೂಕ 98 ಮೈಕ್ರೋನ್ಯೂಟನ್. ಅದನ್ನು ಓರೆಯ ಸೈನ್‌ನಿಂದ ಗುಣಿಸಿದರೆ ಹಿಡಿತ ಸಿಕ್ಕಿತು. 50 ಡಿಗ್ರಿಯಲ್ಲಿ ಜಾರಿದರೆ 75. ಐದಾರು ಜಾಗದಲ್ಲಿ ಮಾಡಿ: ಬೆರಳಚ್ಚು ಬಿದ್ದ ಕಡೆ ಹಿಡಿತ ಥಟ್ಟನೆ ಏರುತ್ತದೆ. ಪ್ರತಿ ಸಲವೂ ಹೊಸ ಹನಿ ಹಾಕಿ, ಗಾಳಿಯಲ್ಲಿ ಒಂದು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ. ಅಂಚು ಕಚ್ಚಿಕೊಂಡೇ ಹನಿ ಆರುತ್ತದೆ, ಎತ್ತರ ಕುಗ್ಗುತ್ತದೆ, ಗಾಳಿಗೆ ತಳ್ಳಲು ಮೈಯೇ ಉಳಿಯುವುದಿಲ್ಲ.