ಅಪ್‌ಡೇಟ್: ಪುಟ್ಟ ಆರ್ಕಿಡ್‌ನ ಹೂದಂಟು ಕೊನೆಗೂ ನೆಟ್ಟಗೆ ನಿಂತಿತು

ಮಲ್ಲೇಶ್ವರದ ನಮ್ಮ ಬಾಲ್ಕನಿಯಲ್ಲಿರುವ ಮಿನಿ ಫೆಲನಾಪ್ಸಿಸ್ ಆರ್ಕಿಡ್‌ನ ಹೂದಂಟು ಮೊಗ್ಗಿನ ಭಾರಕ್ಕೆ ಬಾಗುತ್ತಿದೆ, ಏನು ಮಾಡಲಿ ಅಂತ 10 ದಿನದ ಹಿಂದೆ ಕೇಳಿದ್ದೆನಲ್ಲ? ಈಗ 3 ಹೂ ಅರಳಿವೆ!

ಮೊದಲು ತಂತಿ ಸುತ್ತಿ ನೋಡಿದೆ, ದಂಟಿಗೆ ಗೀರು ಬಿತ್ತು. ತಕ್ಷಣ ಬಿಚ್ಚಿದೆ. ಬಿದಿರು ಕಡ್ಡಿ ಈ ಕುಂಡಕ್ಕೆ ತೀರಾ ದಪ್ಪ. ಕೆಲಸಕ್ಕೆ ಬಂದಿದ್ದು ನಿಮ್ಮಲ್ಲೊಬ್ಬರು ಹೇಳಿದ ತೆಂಗಿನ ಪೊರಕೆ ಕಡ್ಡಿ. ಹೊಸ ಪೊರಕೆಯಿಂದಲೇ ಒಂದು ಎಳೆದುಕೊಂಡೆ (ಅಮ್ಮ ಬೈದರು, ಬಿಡಿ). ಬೇರಿಗೆ ತಾಗದಂತೆ ಅಂಚಿನಲ್ಲಿ ಚುಚ್ಚಿ, ಉಣ್ಣೆ ನೂಲಿನಿಂದ ಸಡಿಲವಾಗಿ ಕಟ್ಟಿದೆ, ಗಂಟು ಕಡ್ಡಿಯ ಕಡೆಗೆ. ಒಂದೇ ಸಲ ಎಳೆಯಲಿಲ್ಲ. 4 ದಿನ, ಸ್ವಲ್ಪ ಸ್ವಲ್ಪವೇ.

ಇನ್ನೊಂದು ವಿಷಯ. ದಂಟು ಬೆಳಕಿನ ಕಡೆಗೇ ವಾಲುತ್ತದಂತೆ. ನಾನೋ, ಸುಮ್ನೆ ದಿನಾ ಕುಂಡ ತಿರುಗಿಸುತ್ತಿದ್ದೆ. ಅದು ಸೊಟ್ಟಗಾಗಿದ್ದರಲ್ಲಿ ನನ್ನ ಪಾಲೂ ಜಾಸ್ತಿಯೇ ಇತ್ತು!